ನಾಲ್ಕು ಕೋಳಿ ಸಾಕು

ನಮ್ಮ ಪಟ್ಟಣಕ್ಕೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಬೋರ್ಡು. ಊರ ಹೆಸರಿನ ಬೋರ್ಡಲ್ಲ. ಅದು ಯಾವುದೋ ಕಾಲದ ಗಾಳಿಗೆ ಬಿತ್ತು, ಬಿದ್ದದ್ದನ್ನು ಯಾರೂ ಎತ್ತಲಿಲ್ಲ, ಹೆಸರಿಲ್ಲದ್ದರಿಂದ ಊರಿಗೇನೂ ಕೊರತೆಯಾಗಲಿಲ್ಲ. ಇದು ಇನ್ನೊಂದು ಬೋರ್ಡು. ಊರ ಬಾಗಿಲಲ್ಲಿ, ಎರಡು ಕಲ್ಲುಕಂಬಗಳ ಮೇಲೆ, ಹಳದಿ ಹಲಗೆಗೆ ಕಪ್ಪು ಅಕ್ಷರದಲ್ಲಿ ಬರೆದಿದೆ: ‘ಮನೆಗೆ ನಾಲ್ಕು ಕೋಳಿ ಸಾಕು.’

ಅಷ್ಟೇ. ಬರೆಸಿದವರು ಯಾರು, ಯಾಕೆ ಬರೆಸಿದರು, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ಕಾನೂನಾಯಿತು.

ಹಿಂದೆ ಈ ಒಂದು ಸಾಲಿಗಾಗಿ ಊರು ಇಬ್ಭಾಗವಾಗಿತ್ತಂತೆ. ಮೇಲಿನ ಬೀದಿಯವರು ಹೇಳುತ್ತಿದ್ದರು: ‘ಸಾಕು ಅಂದರೆ ಸಾಕಬೇಕು. ಹಿರಿಯರ ಅಪ್ಪಣೆ ಅದು. ನಾಲ್ಕು ಕೋಳಿ ಸಾಕದವನಿಗೆ ಊರಲ್ಲಿ ಜಾಗವಿಲ್ಲ.’ ಕೆಳಗಿನ ಬೀದಿಯವರು ಹೇಳುತ್ತಿದ್ದರು: ‘ಸಾಕು ಅಂದರೆ ಸಾಕು, ಇನ್ನು ಬೇಡ ಅಂತ. ನಾಲ್ಕರ ಮೇಲೆ ಇಟ್ಟುಕೊಂಡವನು ದುರಾಸೆಯ ಮುಂಡೇದು.’ ಜಗಳ ಅಡುಗೆಮನೆಗೂ ಬಂತು. ಕೆಳಗಿನ ಬೀದಿಯ ಅಳಿಯ ಮೇಲಿನ ಬೀದಿಯ ಅತ್ತೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಅತ್ತೆ’ ಅಂದರೆ, ಅತ್ತೆ ಸೌಟು ಎತ್ತಿಕೊಂಡು ‘ಏನನ್ನಪ್ಪಾ ಸಾಕಲಿ?’ ಅನ್ನುತ್ತಿದ್ದಳಂತೆ. ಎಷ್ಟೋ ಸಂಬಂಧಗಳು ಎಲೆಯ ಮುಂದೆಯೇ ಮುರಿದುಬಿದ್ದವು.

ಕೊನೆಗೆ ಹಿರಿಯರು ಕೂತು ರಾಜಿ ಮಾಡಿದರು. ಎರಡು ಅರ್ಥವೂ ಸರಿ. ನಾಲ್ಕಕ್ಕಿಂತ ಕಡಿಮೆಯಾದರೆ ಅಪ್ಪಣೆ ಮೀರಿದ ಹಾಗೆ, ಹೆಚ್ಚಾದರೆ ಮಿತಿ ಮೀರಿದ ಹಾಗೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸತ್ತದ್ದು ಕೋಳಿಗಳು ಮಾತ್ರ.

ಅಂದಿನಿಂದ ಊರ ಕಚೇರಿಯಲ್ಲಿ ಅಧ್ಯಕ್ಷರ ಎಡಗಡೆಗೊಬ್ಬರು, ಬಲಗಡೆಗೊಬ್ಬರು ಅರ್ಥ ಹೇಳುವವರು ಕೂರುತ್ತಾರೆ. ಎಡಗಡೆಯವರು ಮೇಲಿನ ಬೀದಿಯ ಅರ್ಥದವರು, ಬಲಗಡೆಯವರು ಕೆಳಗಿನ ಬೀದಿಯ ಅರ್ಥದವರು. ಹುಂಜದ ವಿಷಯ ಬಂದಾಗ ಮಾತ್ರ ಇಬ್ಬರೂ ಒಂದಾದರು. ಬೋರ್ಡಿನಲ್ಲಿ ಹುಂಜದ ಹೆಸರಿಲ್ಲ, ಆದ್ದರಿಂದ ಹುಂಜ ಇಲ್ಲ. ಬೆಳಗಾಯಿತು ಅಂತ ಕೂಗುವುದಕ್ಕೆ ಕಚೇರಿಯಲ್ಲೊಬ್ಬ ಗುಮಾಸ್ತನಿದ್ದಾನೆ. ದಿನಾ ನೀರಿನ ಟ್ಯಾಂಕು ಹತ್ತಿ, ಕತ್ತು ಉದ್ದ ಮಾಡಿ, ಕೊಕ್ಕೊಕ್ಕೋ ಅನ್ನುತ್ತಾನೆ. ಭಾನುವಾರ ಅವನಿಗೆ ರಜೆ. ಅವತ್ತು ನಾವು ತಡವಾಗಿ ಏಳುತ್ತೇವೆ.

ಮಂಗಳವಾರ ಎಣಿಕೆ.

ಎಣಿಸುವ ಹೆಂಗಸಿಗೆ ಎಣಿಕೆಯವಳು ಅನ್ನುತ್ತಿದ್ದೆವು. ಅವಳಿಗೂ ಒಂದು ಹೆಸರಿತ್ತು, ಇಲ್ಲದೆ ಏನು. ಆದರೆ ಅವಳು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ಕೇಳಿದರೆ ಮುಖ ಗಂಟು ಹಾಕುತ್ತಿದ್ದಳು. ಕೈಯಲ್ಲಿ ಬಿದಿರಿನ ಕೋಲು, ಮಡಿಲಲ್ಲಿ ನುಚ್ಚು. ಪ್ರತಿ ಮನೆಯ ಹಿತ್ತಲಿಗೆ ಬಂದು, ‘ಹಿತ್ತಲು!’ ಎಂದು ಕೂಗುತ್ತಾಳೆ. ಮನೆಯವರು ಕೋಳಿಗಳನ್ನೆಲ್ಲ ಒಳಗೆ ಕೂಡಿಟ್ಟುಕೊಂಡು, ‘ತೆರೆದಿದೆ!’ ಎಂದು ಹಿತ್ತಲ ಬಾಗಿಲು ತೆಗೆಯುತ್ತಾರೆ. ಅವಳು ಅಂಗಳಕ್ಕೆ ನುಚ್ಚು ಚೆಲ್ಲುತ್ತಾಳೆ. ಕೋಳಿಗಳು ಹೊಸಿಲು ದಾಟಿ ಬರುತ್ತವೆ. ಒಂದೊಂದಕ್ಕೂ ಕೋಲನ್ನು ಒಮ್ಮೆ ಕುಟ್ಟುತ್ತಾಳೆ: ಒಂದು, ಎರಡು, ಮೂರು, ನಾಲ್ಕು.

ಎಣಿಸುವಾಗ ಅವಳ ಕಣ್ಣು ಹೊಸಿಲಿಗಿಂತ ಮೇಲೆ ಏಳುವ ಹಾಗಿಲ್ಲ. ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆ, ಕಾಲು ನೋಡಿದರೆ ಹುಟ್ಟುವುದಿಲ್ಲ, ಅನ್ನುವುದು ಹಿರಿಯರ ಲೆಕ್ಕ. ಇನ್ನೊಂದು ನಿಯಮ: ಬಾಯಿಂದ ಬಿದ್ದ ಎಣಿಕೆಯನ್ನು ಮತ್ತೆ ಎತ್ತುವ ಹಾಗಿಲ್ಲ. ಮೂರಕ್ಕೆ ನಿಂತರೆ ಕಚೇರಿಯ ಪಂಜರದಿಂದ ಒಂದು ತಂದು ಬಿಡುತ್ತಾರೆ, ಮನೆಯ ಯಜಮಾನ ಬೋರ್ಡಿಗೆ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕು. ಐದಕ್ಕೆ ಹೋದರೆ ಐದನೆಯದು ಬುಧವಾರ ಕಚೇರಿಯ ಹಂಡೆಗೆ. ಸದಸ್ಯರೆಲ್ಲ ಬುಧವಾರದ ಸಭೆಯನ್ನು ಎಂದೂ ತಪ್ಪಿಸಿಕೊಂಡವರಲ್ಲ.

ಐದನೆಯದು ಯಾವುದು ಅಂತ ನೀವು ಕೇಳಬಹುದು. ಕೊನೆಗೆ ಬಂದದ್ದು ಐದನೆಯದು. ಎಷ್ಟು ವರ್ಷದಿಂದ ಆ ಮನೆಯ ಕಾಳು ತಿಂದಿದೆ, ಯಾರ ಕೈಯಲ್ಲಿ ಬೆಳೆದಿದೆ, ಅದೆಲ್ಲ ಕೋಲಿಗೆ ಗೊತ್ತಾಗುವುದಿಲ್ಲ.

ಇಂಥ ಊರಲ್ಲಿ ಜನ ಏನು ಮಾಡುತ್ತಾರೆ? ಮಾಡಬಾರದ್ದನ್ನೇ ಮಾಡುತ್ತಾರೆ. ಅಕ್ಕನ ಮನೆಯಿಂದ ಉಡುಗೊರೆಯಾಗಿ ಬಂದದ್ದೋ, ಸಂತೆಯಲ್ಲಿ ಆಸೆಗೆ ಬಿದ್ದು ತಂದದ್ದೋ ಐದಾಗಿಬಿಟ್ಟರೆ, ಸೋಮವಾರ ಸಂಜೆ ಅದರ ಎರಡು ಕಾಲು ಹಿಡಿದು ಪಕ್ಕದವರ ಗೋಡೆಯಾಚೆಗೆ ಎಸೆಯುತ್ತಾರೆ. ಪಕ್ಕದವರು ನೋಡಿದರೆ ಅವರು ಆಚೆ ಪಕ್ಕಕ್ಕೆ. ಸೋಮವಾರ ಸಂಜೆ ನಮ್ಮ ಬೀದಿಗಳ ತುಂಬ ಧೊಪ್, ಧೊಪ್ ಅಂತ ಸದ್ದು. ನಾನು ಎಸೆದಿಲ್ಲ ಅಂತ ಹೇಳಿದರೆ ನಾಲಗೆ ಬಿದ್ದುಹೋಗುತ್ತದೆ. ಮೂರು ಸಲ ಎಸೆದಿದ್ದೇನೆ, ಮೂರು ಸಲವೂ ಚೆನ್ನಾಗಿ ನಿದ್ದೆ ಬಂದಿದೆ.

ಹೀಗೆ ಗೋಡೆಯಿಂದ ಗೋಡೆಗೆ ಹಾರಿದ ಕೋಳಿ ಕೊನೆಗೆ ಎಲ್ಲಿ ನಿಲ್ಲಬೇಕು? ಊರ ಕೊನೆಯ ಮನೆಯಲ್ಲಿ. ಅದು ಸೂಲಗಿತ್ತಿಯ ಮನೆ. ಅದರಾಚೆ ಊರಿಲ್ಲ, ಬರೀ ನರಿ ಓಡಾಡುವ ಕುರುಚಲು.

ಸೂಲಗಿತ್ತಿಗೆ ಎಷ್ಟು ವಯಸ್ಸು ಅಂತ ಹೇಳಬಲ್ಲವರು ಉಳಿದಿರಲಿಲ್ಲ. ಊರ ಅರ್ಧ ಜನ ಅವಳ ಅಂಗೈಗೆ ಬಿದ್ದವರು. ಅವಳ ನಾಲ್ಕು ಕೋಳಿಗಳಲ್ಲಿ ಮೂರಕ್ಕೆ ಹೆಸರಿರಲಿಲ್ಲ, ನಾಲ್ಕನೆಯದು ಕುಂಟಿ. ಮರಿಯಾಗಿದ್ದಾಗಲೇ ಅದರ ಎಡಗಾಲು ಒರಳುಕಲ್ಲಿಗೆ ಸಿಕ್ಕಿತ್ತು. ಸೂಲಗಿತ್ತಿ ಬಿದಿರು ಸೀಳಿ ದಬ್ಬೆ ಕಟ್ಟಿ, ಹನ್ನೊಂದು ದಿನ ಸೆರಗಲ್ಲಿಟ್ಟುಕೊಂಡು ಬದುಕಿಸಿದಳು. ಎಂಟು ವರ್ಷವಾಯಿತು. ಮೊಟ್ಟೆ ನಿಂತು ಮೂರು ವರ್ಷ. ‘ಇನ್ನೂ ಯಾಕಜ್ಜಿ ಇದನ್ನ ಇಟ್ಟುಕೊಂಡಿದ್ದೀಯ?’ ಅಂದರೆ, ‘ನಾನು ಈಗ ಯಾರ ಬಾಣಂತನ ಮಾಡ್ತಿದೀನಿ ಹೇಳು? ಇಬ್ಬರೂ ಕೆಲಸ ಬಿಟ್ಟವರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದೀವಿ,’ ಅನ್ನುತ್ತಿದ್ದಳು. ಅವಳ ಮಂಡಿಯೂ ಹಿಡಿದುಕೊಂಡಿತ್ತು. ಅವಳು ಹಿತ್ತಲಿಗೆ ಹೋದರೆ ಕುಂಟಿ ಹಿಂದೆ, ಕುಂಟಿ ಹೋದರೆ ಅವಳು ಹಿಂದೆ, ಇಬ್ಬರದೂ ಒಂದೇ ನಡಿಗೆ.

ಆ ಸೋಮವಾರ ಸಂಜೆ ಅವಳ ಹಿತ್ತಲಲ್ಲಿ ಧೊಪ್ ಅಂತು. ಹೋಗಿ ನೋಡಿದರೆ ಒಂದು ಹೇಂಟೆ. ಎಂಥ ಹೇಂಟೆ ಅಂತೀರಿ! ಎಣ್ಣೆ ಹಚ್ಚಿ ಒರೆಸಿದ ಹಾಗೆ ಮಿರಿಮಿರಿ ಮಿಂಚುವ ಕಪ್ಪು, ಕಾಲಿಗೊಂದು ಕೆಂಪು ದಾರ. ಮೈ ಕೊಡವಿಕೊಂಡು, ತನ್ನದೇ ಮನೆ ಅನ್ನುವ ಹಾಗೆ ಮೊದಲು ಕಾಳಿಗೆ ಹೋಗಿ ನಿಂತಿತು.

ನಾನು ಎರಡು ಮನೆ ಆಚೆಯವನು. ಸದ್ದು ಕೇಳಿ ಬಂದು, ಅವಳ ಹಿತ್ತಲ ಗೋಡೆಯ ಮೇಲಿಂದ ಇಣುಕಿ ಹೇಳಿದೆ: ‘ಅಜ್ಜೀ, ಕುರುಚಲಿಗೆ ಎಸೆದುಬಿಡು ಅದನ್ನ. ನಾಳೆ ಮಂಗಳವಾರ. ಅದು ಚುರುಕು, ಮೊದಲು ಬರುತ್ತೆ. ಕೊನೆಗೆ ಬರೋದು ಯಾವುದು ಅಂತ ನಿನಗೆ ಗೊತ್ತಲ್ಲ?’

ಅವಳಿಗೆ ಗೊತ್ತಿತ್ತು. ಕುಂಟಿ ಯಾವತ್ತೂ ಕೊನೆಗೇ ಬರುವುದು. ಮುದುಕಿ ಆ ಕಪ್ಪು ಕೋಳಿಯನ್ನು ಎತ್ತಿಕೊಂಡಳು, ಗೋಡೆಯವರೆಗೂ ಹೋದಳು, ಕುರುಚಲು ನೋಡಿದಳು, ತಿರುಗಿ ಬಂದಳು.

‘ಆಗಲ್ಲ ಕಣೋ. ಕೈಗೆ ಬಿದ್ದದ್ದನ್ನ ಎಸೆದು ಅಭ್ಯಾಸ ಇಲ್ಲ ನನಗೆ.’

ಮಂಗಳವಾರ ಗುಮಾಸ್ತ ಕೂಗಿದ, ಬೆಳಗಾಯಿತು. ಎಣಿಕೆಯವಳು ಬಂದಳು.

‘ಹಿತ್ತಲು!’

 ಒಳಗಿಂದ ‘ತೆರೆದಿದೆ’ ಅಂತ ಕೇಳಿಸಿತು. ನುಚ್ಚು ಚೆಲ್ಲಿದಳು. ಕಪ್ಪು ಕೋಳಿ ಹೊಸಿಲು ಹಾರಿ ಬಂತು: ಒಂದು. ಹೆಸರಿಲ್ಲದವು ಮೂರು ಒಂದರ ಹಿಂದೆ ಒಂದು ಬಂದವು: ಎರಡು, ಮೂರು, ನಾಲ್ಕು. ಒಳಗೆ ಕುಂಟು ಹೆಜ್ಜೆಯ ಸದ್ದು. ಎಣಿಕೆಯವಳಿಗೆ ಆ ಹೆಜ್ಜೆ ಎಂಟು ವರ್ಷದಿಂದ ಗೊತ್ತು. ಹೊಸಿಲ ಮೇಲೊಂದು ಎಡಗಾಲು ಎಳೆದುಕೊಂಡು ಬಂತು. ಅವಳ ಕೋಲು ತಾನಾಗಿ ಕುಟ್ಟಿತು, ಬಾಯಿ ತಾನಾಗಿ ಹೇಳಿತು: ‘ಐದು.’

ಹೇಳಿದ ಮೇಲೆ ನೋಡಿದಳು. ಹೊಸಿಲ ಮೇಲಿದ್ದದ್ದು ಹಿಮ್ಮಡಿ ಒಡೆದ, ಮನುಷ್ಯರ ಕಾಲು. ಸೂಲಗಿತ್ತಿ ಕುಂಟಿಯನ್ನು ಸೆರಗಲ್ಲಿ ಕಟ್ಟಿಕೊಂಡು ತಾನೇ ಹೊಸಿಲು ದಾಟಿ ನಿಂತಿದ್ದಳು.

‘ಬಾಯಿಂದ ಬಿತ್ತಲ್ಲ? ಬಿತ್ತು,’ ಅಂದಳು ಮುದುಕಿ. ‘ಐದನೆಯವಳು ನಾನು. ನಡಿ, ಎಲ್ಲಿಗೆ ಬರಬೇಕು ಹೇಳು.’

ಬುಧವಾರ ಕಚೇರಿಗೆ ಊರೇ ಬಂದಿತ್ತು. ನನ್ನ ಹೆಂಡತಿ ಹೋಗಬೇಡಿ ಅಂದರೂ ನಾನೂ ಹೋದೆ. ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ನಾಲ್ಕು ಕೋಳಿಗಳನ್ನು ಮಂಕರಿಯ ಅಡಿ ಸಾಕ್ಷಿಗೆ ಇಟ್ಟಿದ್ದರು. ಅದರ ಪಕ್ಕ ಸೂಲಗಿತ್ತಿ, ಅವಳ ಸೆರಗಿನಿಂದ ಕುಂಟಿಯ ತಲೆ ಮಾತ್ರ ಹೊರಗೆ. ಅಡುಗೆಯವನು ಸೌಟು ಹಿಡಿದು ಬಂದು ಕೇಳಿದ: ‘ಸ್ವಾಮಿ, ಮಸಾಲೆ ಅರೆದಾಯಿತು. ಐದನೆಯದು ಎಲ್ಲಿ?’ ತೋರಿಸಿದರು. ಅವನು ಮುದುಕಿಯನ್ನು ತಲೆಯಿಂದ ಕಾಲವರೆಗೆ ನೋಡಿ, ‘ಇದು ಬೇಯಲ್ಲ ಸ್ವಾಮಿ,’ ಅಂದ.

ಯಾರೂ ನಗಲಿಲ್ಲ. ನಮ್ಮೂರಲ್ಲಿ ಕಾನೂನಿನ ಮಾತಿಗೆ ನಗುವ ಪದ್ಧತಿಯಿಲ್ಲ.

ಮೇಲಿನ ಅರ್ಥದವರು ಎದ್ದು, ಎಣಿಕೆ ತಪ್ಪಾಗಿದೆ ಅನ್ನೋಣವೇ ಅಂದರು. ಕೆಳಗಿನ ಅರ್ಥದವರು, ಒಂದು ಎಣಿಕೆ ತಪ್ಪಾಗಬಹುದು ಅಂದರೆ ಇಷ್ಟು ವರ್ಷ ಹಂಡೆಗೆ ಹೋದ ಐದನೆಯವುಗಳ ಗತಿ ಏನು, ಅವನ್ನು ತಿಂದ ನಮ್ಮ ಗತಿ ಏನು ಅಂದರು. ಸದಸ್ಯರೆಲ್ಲ ಹೊಟ್ಟೆ ಮುಟ್ಟಿಕೊಂಡರು. ಹಾಗಾದರೆ ಸೂಲಗಿತ್ತಿಯೇ ಕೋಳಿ ಅನ್ನೋಣವೇ ಅಂತ ಮೇಲಿನವರು. ಕೋಳಿ ಅಂದರೆ ಅವಳಿಂದ ಹುಟ್ಟಿಸಿಕೊಂಡ ನಾವೇನು ಅಂತ ಕೆಳಗಿನವರು. ಅತ್ತ ದರಿ, ಇತ್ತ ಪುಲಿ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಅವರ ಮನೆ ಇರುವುದು ಸೂಲಗಿತ್ತಿಯ ಗೋಡೆಗೆ ಒತ್ತಿಕೊಂಡೇ.

‘ಅಜ್ಜಿ, ಯಾಕಿಷ್ಟು ರಂಪ? ಆ ಕುಂಟುಕೋಳಿಯನ್ನು ಕೊಟ್ಟು ಮನೆಗೆ ಹೋಗಿ. ನಾಲ್ಕು ಉಳಿಯುತ್ತೆ. ಚೆನ್ನಾಗಿರೋವೇ ಉಳಿಯುತ್ತವೆ.’

‘ಎಂಟು ವರ್ಷ ನನ್ನ ಹಿಂದೆ ನಡೆದದ್ದು ಇದು ಅಧ್ಯಕ್ಷಪ್ಪ. ಹಿಂದೆ ನಡೆದದ್ದೇ ಇದರ ತಪ್ಪು ಅಂದರೆ, ಇದರ ಮುಂದೆ ನಡೆದ ನನ್ನದೇನು ಹೆಚ್ಚುಗಾರಿಕೆ?’

‘ಐದು ಐದೇ ಅಲ್ಲವೇ?’

ಮುದುಕಿ ಬಾಗಿಲ ಹತ್ತಿರ ಕೋಲು ಹಿಡಿದು, ನೆಲ ನೋಡುತ್ತ ನಿಂತಿದ್ದ ಎಣಿಕೆಯವಳ ಕಡೆ ತಿರುಗಿದಳು.

‘ಸಾಕೀ,’ ಅಂದಳು.

ಎಣಿಕೆಯವಳ ಕೈಯಿಂದ ಕೋಲು ಜಾರಿತು. ನಮಗೆ ಆಗ ಗೊತ್ತಾಯಿತು, ಅವಳ ಹೆಸರು ಸಾಕಮ್ಮ. ಗೊತ್ತಾದ ಕೂಡಲೇ ಅವಳು ಯಾಕೆ ಹೇಳುತ್ತಿರಲಿಲ್ಲ ಅನ್ನುವುದೂ ಗೊತ್ತಾಯಿತು. ನಮ್ಮ ಕಡೆ ಮೇಲಿಂದ ಮೇಲೆ ಹೆಣ್ಣು ಹುಟ್ಟಿದರೆ ಕೊನೆಯದಕ್ಕೆ ಇಡುವ ಹೆಸರು ಅದು. ಸಾಕಮ್ಮ, ಅಂದರೆ ದೇವರೇ, ಹೆಣ್ಣು ಇನ್ನು ಸಾಕು.

‘ನಿಮ್ಮವ್ವನಿಗೆ ನೀನು ಎಷ್ಟನೆಯವಳು?’

 ಇಡೀ ಊರನ್ನು ಎಣಿಸಿದವಳು, ಆ ಒಂದು ಎಣಿಕೆ ಅವಳ ಬಾಯಿಂದ ಬರಲಿಲ್ಲ.

‘ಐದನೆಯವಳು,’ ಅಂದಳು ಸೂಲಗಿತ್ತಿ. ‘ನಾನು ಹಿಡಿದೆ, ನಾನು ತೊಳೆದೆ. ಹೆಣ್ಣು ಅಂದೆ. ನಿಮ್ಮವ್ವ ಗೋಡೆ ಕಡೆ ಮುಖ ತಿರುಗಿಸಿ ಒಂದೇ ಮಾತು ಅಂದಳು: ಸಾಕು. ನಿನ್ನಜ್ಜಿ ಮೂಲೆಯಲ್ಲಿ ನಿಂತಿದ್ದಳು. ತಾಯಿಯೇ ಸಾಕು ಅಂದಮೇಲೆ ಎತ್ತಿಕೊಂಡು ಹೋಗಿಬಿಡು, ಊರಾಚೆ ಕುರುಚಲಿದೆ ಅಂದಳು. ನಾನು ಅಂದೆ, ಕಿವಿ ಕೇಳಿಸಲ್ವೇನಮ್ಮ ನಿಮಗೆ? ಹೆತ್ತವಳು ಸಾಕು ಅಂತಿದಾಳೆ. ಸಾಕಿ. ಅಂದು ನಿನ್ನನ್ನ ಅವಳ ಎದೆಗೆ ಹಾಕಿ, ಹಾಲು ಹಿಡಿಯೋ ತನಕ ಅಲ್ಲೇ ಕೂತೆ.’



ಎಣಿಕೆಯವಳು ಬಹಳ ಮೆಲ್ಲಗೆ ಕೇಳಿದಳು: ‘ಅವ್ವ ಯಾವ ಅರ್ಥದಲ್ಲಿ ಅಂದಿದ್ದಳು?’

‘ನಾನು ಕೇಳಲಿಲ್ಲ ಮಗಳೇ. ಕೇಳಬಾರದು ಅಂತಲೇ ಕೇಳಲಿಲ್ಲ. ಒಂದು ಮಾತಿಗೆ ಎರಡರ್ಥ ಇದ್ದರೆ, ಉಸಿರಾಡೋದರ ಕಡೆಗಿರೋ ಅರ್ಥ ಹಿಡೀಬೇಕು. ನಮ್ಮ ಕಸುಬಲ್ಲಿ ಅಷ್ಟೇ.’

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ. ಮೇಲಿನ ಅರ್ಥದವರು ಮೂಗು ಒರೆಸಿಕೊಂಡರು. ಕೆಳಗಿನ ಅರ್ಥದವರೂ ಒರೆಸಿಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಹೇಳಿದರು: ‘ಕಣ್ಣೀರು ಬೇರೆ, ಕಾನೂನು ಬೇರೆ. ಹಂಡೆ ಕಾದಿದೆ. ಐದನೆಯದೊಂದು ಬೇಕೇ ಬೇಕು.’

ಆಗ ಎಣಿಕೆಯವಳು ನೆಲದಿಂದ ಕೋಲು ಎತ್ತಿಕೊಂಡಳು. ಇಡೀ ಸಭೆಗೆ ಕೇಳುವ ಹಾಗೆ ಅವಳು ಬಾಯಿ ತೆಗೆದದ್ದು ಅದೇ ಮೊದಲು.

‘ನನ್ನ ಎಣಿಕೆ ತಪ್ಪಿಲ್ಲ ಸ್ವಾಮಿ. ಐದು ಅಂದೆ, ಐದೇ. ಆದರೆ ಯಾವ ತುದಿಯಿಂದ ಎಣಿಸಬೇಕು ಅಂತ ಬೋರ್ಡಲ್ಲಿ ಬರೆದಿಲ್ಲ.’

ಅರ್ಥ ಹೇಳುವವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ! ಬರೆದಿಲ್ಲ. ಎಷ್ಟು ತಲೆಮಾರು ಕಳೆದರೂ ಯಾರಿಗೂ ಹೊಳೆದಿರಲಿಲ್ಲ. ಮುದುಕಿಯನ್ನು ಬೇಯಿಸುವ ಪಾಪ ತಪ್ಪಿತಲ್ಲ ಅಂತ ಸಭೆಗೆ ಜೀವ ಬಂತು. ಎಣಿಸು, ಎಣಿಸು, ಹಿಂದಿನಿಂದ ಎಣಿಸು ಅಂದರು.

ಅವಳು ಕೋಲು ಕುಟ್ಟಿದಳು. ಸೆರಗಿನ ಕೋಳಿಯ ಸಮೇತ ಸೂಲಗಿತ್ತಿ: ಒಂದು. ಮಂಕರಿಯಿಂದ ಹೆಸರಿಲ್ಲದವು ಮೂರು: ಎರಡು, ಮೂರು, ನಾಲ್ಕು. ಮೊದಲು ಹೊಸಿಲು ದಾಟಿದ್ದ, ಮೊದಲು ಕಾಳಿಗೆ ಬಾಯಿ ಹಾಕಿದ್ದ ಕಪ್ಪು ಕೋಳಿ: ಐದು.

ಅಡುಗೆಯವನು ಅದರ ಕಾಲು ಹಿಡಿದು ಎತ್ತಿದ. ತಲೆಕೆಳಗಾದ ಕೋಳಿಯ ಕಾಲಲ್ಲಿ ಕೆಂಪು ದಾರ ಎಲ್ಲರಿಗೂ ಕಾಣಿಸಿತು. ಅಧ್ಯಕ್ಷರಿಗೂ ಕಾಣಿಸಿತು. ಅವರ ಮನೆಯ ಮೊಮ್ಮಗಳು ತನ್ನ ಮುದ್ದಿನ ಕೋಳಿಗಳಿಗೆಲ್ಲ ಕೆಂಪು ದಾರ ಕಟ್ಟುತ್ತಾಳೆ ಅನ್ನುವುದು ಬೀದಿಗೇ ಗೊತ್ತಿರುವ ಸಂಗತಿ. ಈಚೆಗೆ ಬೀಗರು ಅವರಿಗೊಂದು ಕಪ್ಪು ಹೇಂಟೆ ತಂದುಕೊಟ್ಟಿದ್ದರು ಅನ್ನುವುದೂ ಗೊತ್ತಿರುವ ಸಂಗತಿಯೇ. ಅಡುಗೆಯವನು ಹಂಡೆಯ ಹತ್ತಿರ ಎರಡು ಹೆಜ್ಜೆ ಇಟ್ಟ.

‘ಸಾಕು,’ ಅಂದರು ಅಧ್ಯಕ್ಷರು.

ಈ ಸಲ ಯಾರೂ ಅರ್ಥ ಕೇಳಲಿಲ್ಲ. ಎಡಗಡೆಯವರಿಗೂ ಅರ್ಥವಾಯಿತು, ಬಲಗಡೆಯವರಿಗೂ ಅರ್ಥವಾಯಿತು. ಅಡುಗೆಯವನು ಕೋಳಿಯನ್ನು ಮೆತ್ತಗೆ ಇಳಿಸಿದ, ಬೆಂಕಿ ಹಿಂದಕ್ಕೆ ಎಳೆದ. ಸದಸ್ಯರು ಆ ಬುಧವಾರ ಮಸಾಲೆಗೆ ಬದನೆಕಾಯಿ ಹಾಕಿಸಿಕೊಂಡು ಉಂಡರು. ಕೋಳಿಗಿಂತ ಇದೇ ಆರೋಗ್ಯಕ್ಕೆ ಒಳ್ಳೆಯದು ಅಂತ ಹೊಗಳಿದರು. ಕೆಂಪು ದಾರದ ಕೋಳಿಯನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ಅಧ್ಯಕ್ಷರ ಮನೆಗೆ ಕಳಿಸಲಾಯಿತು. ಸಭೆಯ ಪುಸ್ತಕದಲ್ಲಿ ‘ಚರ್ಚಿಸಿ ಸಾಕೆನಿಸಲಾಯಿತು’ ಅಂತ ಬರೆದರು. ಹಿಂದಿನಿಂದ ಎಣಿಸುವ ಮಾತು ಮಾತ್ರ ಪುಸ್ತಕಕ್ಕೆ ಹೋಗಲಿಲ್ಲ. ಅದು ಒಂದು ದಿನದ ಮಟ್ಟಿಗೆ ಹುಟ್ಟಿದ ಜ್ಞಾನ, ಅಂದೇ ತೀರಿಹೋಯಿತು.

ಮುಂದಿನ ಸೋಮವಾರ ಸಂಜೆ ಸೂಲಗಿತ್ತಿಯ ಹಿತ್ತಲಲ್ಲಿ ಧೊಪ್ ಅಂತು.

ನಾನು ಗೋಡೆಯ ಮೇಲಿಂದ ಇಣುಕಿದೆ. ಅದೇ ಕಪ್ಪು ಕೋಳಿ. ಕಾಲಿನ ಕೆಂಪು ದಾರ ಮಾತ್ರ ಬಿಚ್ಚಿದ್ದರು. ಮುದುಕಿ ಅದಕ್ಕೆ ನುಚ್ಚು ಹಾಕುತ್ತಿದ್ದಳು.

‘ಅಜ್ಜೀ, ನಾಳೆ ಏನು ಮಾಡ್ತೀಯ? ಮತ್ತೆ ಕುಂಟೀನ ಎತ್ತಿಕೊಂಡು ಬರ್ತೀಯಾ?’

‘ಇಲ್ಲ ಕಣೋ. ಒಂದು ಸಲ ಆಟ, ಎರಡನೇ ಸಲ ಮೋಸ. ನನ್ನ ಸೊಂಟವೂ ಕೇಳಲ್ಲ. ಅದು ತನ್ನ ಕಾಲಲ್ಲೇ ಬರಲಿ.’

‘ಹಾಗಾದರೆ ಕುಂಟಿ ಹೋಯಿತು ಅಂತಲೇ ತಿಳ್ಕೋ.’

ಅವಳು ಕುಂಟಿಯನ್ನು ಎತ್ತಿ, ಹಿಂದೊಮ್ಮೆ ತಾನೇ ದಬ್ಬೆ ಕಟ್ಟಿದ್ದ ಕಾಲನ್ನು ಹೆಬ್ಬೆರಳಿಂದ ತಿಕ್ಕುತ್ತ ಕೂತಳು.  ಅವತ್ತು ನಮ್ಮ ಮನೆಯಲ್ಲಿ ಐದಿದ್ದವು, ನಾನು ಎಸೆಯಲಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ, ಕೈ ಬರಲಿಲ್ಲ ಅಷ್ಟೇ.

ಬೆಳಗಾಯಿತು ಅಂತ ಗುಮಾಸ್ತ ಟ್ಯಾಂಕಿನ ಮೇಲಿಂದ ಕೂಗಿದ. ಎಣಿಕೆಯವಳು ನಮ್ಮ ಬೀದಿಗೆ ಬಂದಳು. ಊರ ಕೊನೆಯ ಮನೆ ಮೊದಲು.

‘ಹಿತ್ತಲು!’

‘ತೆರೆದಿದೆ.’

ನುಚ್ಚು ಚೆಲ್ಲಿದಳು. ಕಪ್ಪು ಕೋಳಿ ಹಾರಿ ಬಂತು: ಒಂದು. ಹಿಂದೆಯೇ ಮೂರು: ಎರಡು, ಮೂರು, ನಾಲ್ಕು. ಒಳಗೆ ಕುಂಟು ಹೆಜ್ಜೆ. ಹೊಸಿಲ ಮೇಲೆ ಸೊಟ್ಟಗಿನ ಒಂದು ಹಳದಿ ಕಾಲು ಕಾಣಿಸಿತು. ಈ ಸಲ ನಿಜವಾಗಿಯೂ ಕೋಳಿಯದೇ ಕಾಲು.

ಕೋಲು ಮೇಲೆ ಎದ್ದಿತು.

ಆಗ ಎಣಿಕೆಯವಳು ತಾನು ಮಾಡಬಾರದ್ದನ್ನು ಮಾಡಿದಳು. ಹೊಸಿಲಿಗಿಂತ ಮೇಲೆ ಕಣ್ಣೆತ್ತಿದಳು. ಬಾಗಿಲಲ್ಲಿ ಸೂಲಗಿತ್ತಿ ಚೌಕಟ್ಟು ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಂಟಿ ತನ್ನ ಪಾಡಿಗೆ ಹೊಸಿಲು ಇಳಿದು, ನುಚ್ಚಿನ ಕಡೆ ಹೋಯಿತು.

ಎಣಿಕೆಯವಳು ಕೋಲನ್ನು ಕುಟ್ಟದೆ, ಸದ್ದಾಗದ ಹಾಗೆ ನೆಲಕ್ಕೆ ಊರಿದಳು.

‘ನಾಲ್ಕು,’ ಅಂದಳು. ಒಂದು ಉಸಿರು ಬಿಟ್ಟು, ಬೋರ್ಡಿನಲ್ಲಿ ಬರೆದಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲದ ಹಾಗೆ, ಅಂದಳು: ‘ಸಾಕು.’